ಕಲಂ ಸಂಖ್ಯೆಗಳ ನೆನಪಿಗೆ ಯಾವುದು ಮೇಲು: ನಿದ್ದೆಗೆಟ್ಟ ಓದೋ, ಬೆಳಗಿನ ಜಾವದ ಓದೋ, ಓದಿ ಮಲಗುವುದೋ?

2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಮತ್ತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹಳೆಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆಗಳ ಬದಲಿಗೆ ಜಾರಿಗೆ ಬಂದಾಗ, ತಾಲ್ಲೂಕು ನ್ಯಾಯಾಲಯದಲ್ಲಿ ಕ್ರಿಮಿನಲ್ ಪ್ರಕರಣ ನಡೆಸುವ ನನ್ನಂಥವರಿಗೆ ಕಾನೂನಿನ ಸಾರಕ್ಕಿಂತ ಸಂಖ್ಯೆಗಳೇ ದೊಡ್ಡ ತೊಡಕಾದವು. ಕೊಲೆಯ 302 ಈಗ 103, ವಂಚನೆಯ 420 ಈಗ 318. ಇವು ಬೇಗ ನಾಲಿಗೆಗೆ ಬಂದವು. ಆದರೆ ಉಚ್ಚ ನ್ಯಾಯಾಲಯದ ಅಂತರ್ಗತ ಅಧಿಕಾರವೆಂದು ರೂಢಿಯಾಗಿದ್ದ 482 ಈಗ ನಿರೀಕ್ಷಣಾ ಜಾಮೀನಿನ ಕಲಂ, ನಿಷೇಧಾಜ್ಞೆಯ 144 ಈಗ ಜೀವನಾಂಶದ ಕಲಂ. ಹಳೆಯದನ್ನು ಮರೆಯುವಂತೆಯೂ ಇಲ್ಲ, ಏಕೆಂದರೆ ಆ ದಿನಾಂಕಕ್ಕೆ ಮೊದಲು ನಡೆದ ಅಪರಾಧಗಳಿಗೆ ಈಗಲೂ ಹಳೆಯ ದಂಡ ಸಂಹಿತೆಯೇ ಅನ್ವಯಿಸುತ್ತದೆ. ಈ ಎರಡು ಪಟ್ಟಿಗಳನ್ನು ಒಂದೇ ತಲೆಯಲ್ಲಿ ಇರಿಸಿಕೊಳ್ಳಲು ಮೂರು ಕ್ರಮಗಳನ್ನು ಅನುಸರಿಸಿ ನೋಡಿದೆ. ರಾತ್ರಿ ಒಂಬತ್ತರ ನಂತರ ಅರ್ಧ ಗಂಟೆ ಓದಿ, ಹತ್ತಕ್ಕೆ ಮಲಗಿ, ಬೆಳಿಗ್ಗೆ ಆರಕ್ಕೆ ಎದ್ದು ಪುಸ್ತಕ ನೋಡದೆ ಬರೆಯುವುದೇ ನನಗೆ ಒಗ್ಗಿದ ಕ್ರಮ.

ರಾತ್ರಿ ಒಂದರವರೆಗೆ ಕಾಫಿ ಕುಡಿದು ಓದುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಓದುವಾಗ ಎಲ್ಲವೂ ಗೊತ್ತಿದೆ ಎನಿಸುತ್ತದೆ, ಮರುದಿನ ನ್ಯಾಯಾಧೀಶರ ಮುಂದೆ ನಿಂತಾಗ ಹಳೆಯ ಸಂಖ್ಯೆಯೇ ಬಾಯಿಗೆ ಬರುತ್ತದೆ.

ಬೆಳಗಿನ ಜಾವ ನಾಲ್ಕಕ್ಕೆ ಏಳುವುದು ನಮ್ಮ ಹಿರಿಯರು ಮೆಚ್ಚಿದ ಕ್ರಮ, ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಅವರು ಎಂಟು, ಒಂಬತ್ತಕ್ಕೆಲ್ಲ ಮಲಗುತ್ತಿದ್ದರು. ನಮ್ಮ ಮನೆಯಲ್ಲಿ ನಾಳೆಗೆ ತರಕಾರಿ ಹೆಚ್ಚಿ, ಪಾತ್ರೆ ತೊಳೆದು, ಮಕ್ಕಳ ಮಾತು ಮುಗಿಯುವಾಗ ಹತ್ತು ಸಮೀಪಿಸಿರುತ್ತದೆ. ಅಷ್ಟು ಹೊತ್ತಿಗೆ ಮಲಗಿ ನಾಲ್ಕಕ್ಕೆ ಎದ್ದರೆ ನಿದ್ದೆ ಆರು ಗಂಟೆ ಮೀರುವುದಿಲ್ಲ, ವಯಸ್ಕರಿಗೆ ಬೇಕಾದದ್ದು ಕನಿಷ್ಠ ಏಳು ಗಂಟೆ. ಗಾಢ ನಿದ್ದೆಯ ಹೆಚ್ಚಿನ ಪಾಲು ರಾತ್ರಿಯ ಮೊದಲ ಭಾಗದಲ್ಲೇ ಬರುವುದರಿಂದ ಅದು ಪೂರ್ತಿ ನಷ್ಟವಾಗುವುದಿಲ್ಲ ಎಂಬುದು ನಿಜ. ಕಡಿತಗೊಳ್ಳುವುದು ಕೊನೆಯ ಭಾಗದ, ಕನಸು ಹೆಚ್ಚಾಗಿ ಬೀಳುವ ನಿದ್ದೆ. ಜೊತೆಗೆ ಮಧ್ಯಾಹ್ನ ಪಾಟೀ ಸವಾಲಿನ ಹೊತ್ತಿಗೆ ಗಮನ ಸಡಿಲವಾಗುತ್ತದೆ. ಇನ್ನೊಂದು ಕೊರತೆಯೆಂದರೆ, ಮುಂಜಾನೆ ಓದಿದ ಸಂಖ್ಯೆಗಳ ಮೇಲೆ ಇಡೀ ದಿನದ ಕಕ್ಷಿದಾರರು, ದಿನಾಂಕಗಳು, ವಾದಗಳು ಬಂದು ಕೂರುತ್ತವೆ.

ಓದಿದ ತಕ್ಷಣ ಮಲಗಿದರೆ ಈ ಅಡ್ಡಿ ಇರುವುದಿಲ್ಲ. ಸಂಹಿತೆ ಜಾರಿಯಾಗುವುದಕ್ಕೆ ಸರಿಯಾಗಿ ನೂರು ವರ್ಷಗಳ ಹಿಂದೆ, 1924ರಲ್ಲಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಇದನ್ನೇ ಪರೀಕ್ಷಿಸಿ ನೋಡಿದ್ದರು: ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಕಲಿತು ಮಲಗಿದಾಗ, ಅಷ್ಟೇ ಹೊತ್ತು ಎಚ್ಚರವಾಗಿದ್ದಾಗಿನದಕ್ಕಿಂತ ಮರೆವು ಕಡಿಮೆಯಿತ್ತು. ಭಾಗವಹಿಸಿದವರು ಇಬ್ಬರೇ ಆದರೂ, ಗಾಢ ನಿದ್ದೆಯಲ್ಲಿ ಮಿದುಳಿನಲ್ಲಿ ನೆನಪಿಗೆ ಮುಖ್ಯವಾದ ಹಿಪ್ಪೊಕ್ಯಾಂಪಸ್ ಎಂಬ ಭಾಗ ಹಗಲಿನ ಕಲಿಕೆಯನ್ನು ಮತ್ತೆ ಮತ್ತೆ ಚುರುಕುಗೊಳಿಸುತ್ತದೆ ಎಂಬುದನ್ನು ನಂತರದ ಸಂಶೋಧನೆಗಳು ತೋರಿಸಿವೆ. ಆದರೆ ಬೆಳಿಗ್ಗೆ ನೋಡದೆ ಬರೆಯುವುದೂ ನೆನಪನ್ನು ಬಲಪಡಿಸುವುದರಿಂದ, ನನಗಾದ ಲಾಭದ ಕೀರ್ತಿಯನ್ನೆಲ್ಲ ನಿದ್ದೆಗೇ ಕೊಡುವುದು ನ್ಯಾಯವಲ್ಲ.

ಈ ಕ್ರಮದಲ್ಲಿ ನನ್ನನ್ನು ನಿಜಕ್ಕೂ ಕಾಡಿದ್ದು ಅಲಾರಾಂ. ಫೋನಿನಲ್ಲಿ ಅಲಾರಾಂ ಇಟ್ಟರೆ ಫೋನು ದಿಂಬಿನ ಪಕ್ಕದಲ್ಲಿರಬೇಕು. ಅದು ಪಕ್ಕದಲ್ಲಿದ್ದರೆ ವಕೀಲರ ಗುಂಪಿಗೆ ರಾತ್ರಿ ಬಂದು ಬೀಳುವ ಮರುದಿನದ ಕಾಸ್ ಲಿಸ್ಟನ್ನು (ವಿಚಾರಣೆಗೆ ಬರುವ ಪ್ರಕರಣಗಳ ಪಟ್ಟಿಯನ್ನು) ನೋಡದಿರಲು ಮನಸ್ಸು ಒಪ್ಪುವುದಿಲ್ಲ. ನೋಡಿದ ಮೇಲೆ ಯಾವ ಸಾಕ್ಷಿ ಬರುತ್ತಾನೆ, ಯಾವ ಕಡತ ಕಚೇರಿಯಲ್ಲೇ ಉಳಿಯಿತು ಎಂಬ ಲೆಕ್ಕ ಶುರುವಾಗಿ, ಓದಿದ ಪಟ್ಟಿಯೂ ನಿದ್ದೆಯೂ ಒಟ್ಟಿಗೇ ಹೋಗುತ್ತವೆ.

ಆದ್ದರಿಂದ ಫೋನನ್ನು ನಡುಮನೆಗೆ ಕಳಿಸಿ ಅಗ್ಗದ ಮೇಜಿನ ಗಡಿಯಾರವೊಂದನ್ನು ತಂದೆ. ಅಂಗಡಿಯ ಗದ್ದಲದಲ್ಲಿ ಕೇಳಿಸದಿದ್ದ ಅದರ ಟಿಕ್ ಟಿಕ್ ಸದ್ದು ಮಲಗುವ ಕೋಣೆಯಲ್ಲಿ ಬಾಗಿಲು ಬಡಿದಂತೆ ಕೇಳಿಸತೊಡಗಿತು. ಬೀರುವಿನೊಳಗೆ ಇಟ್ಟರೆ ಟಿಕ್ ಟಿಕ್ ಅಡಗಿತು, ಅದರೊಂದಿಗೆ ಅಲಾರಾಂ ಕೂಡ ಅಡಗಿತು. ಕಿವಿಗೆ ಹತ್ತಿ ಇಟ್ಟುಕೊಂಡಾಗಲೂ ಅದೇ ಫಲಿತಾಂಶ. ಕೊನೆಗೆ ಸೆಕೆಂಡಿನ ಮುಳ್ಳು ಹೆಜ್ಜೆ ಹಾಕದೆ ಸದ್ದಿಲ್ಲದೆ ಜಾರುವ ಬಗೆಯ ಗಡಿಯಾರವನ್ನು ಹುಡುಕಿ ಕೊಂಡೆ. ಬೆಲೆ ಐನೂರು ರೂಪಾಯಿಯ ಆಸುಪಾಸು. ಕೊಳ್ಳುವವರು ಅಂಗಡಿಯಲ್ಲೇ ಅದನ್ನು ಕಿವಿಗೆ ಹಿಡಿದು ನೋಡುವುದು ಒಳ್ಳೆಯದು.

ನಿದ್ದೆಗೆ ಅಂಕ ಕೊಡುವ ಕೈಪಟ್ಟಿಯನ್ನೂ ಕಟ್ಟಿ ನೋಡಿದೆ. ಅಂಕ ಕಡಿಮೆ ಬಂದ ದಿನ ಸುಮ್ಮನೆ ಆಯಾಸವೆನಿಸುತ್ತಿತ್ತು, ಈಗ ಅದು ಮಗನ ಕೈಯಲ್ಲಿದೆ.

ಬೇಗ ಊಟ ಮುಗಿಸಿ ಒಂಬತ್ತಕ್ಕೆ ದೀಪ ಆರಿಸುವ ಮನೆಯವರಿಗೆ ನಾಲ್ಕು ಗಂಟೆಯ ಓದನ್ನು ಬಿಡಲು ನಾನು ಹೇಳುವುದಿಲ್ಲ. ಹತ್ತಕ್ಕೆ ಮಲಗಬಲ್ಲ, ಹೆಚ್ಚು ಖರ್ಚು ಮಾಡಲಿಚ್ಛಿಸದ ನನ್ನಂಥವರಿಗೆ ಅರ್ಧ ಗಂಟೆಯ ಓದು, ಸದ್ದಿಲ್ಲದ ಗಡಿಯಾರ ಮತ್ತು ಬೆಳಿಗ್ಗೆ ಒಂದು ಖಾಲಿ ಹಾಳೆ ಸಾಕು. 482 ಈಗ ಯಾವುದಕ್ಕೆ ಸೇರಿದ್ದೆಂದು ನಾನು ಪುಸ್ತಕ ತೆರೆದು ನೋಡುವುದಿಲ್ಲ. 144 ಮಾತ್ರ ಇನ್ನೂ ಒಮ್ಮೊಮ್ಮೆ ತಡವರಿಸುವಂತೆ ಮಾಡುತ್ತದೆ.