ಐ1ಡಿಸ್‌ಪ್ಲೇ ಪ್ರೊ: ಮುಂಬಯಿಯ ಮಳೆಗಾಲಗಳನ್ನು ತಡೆದುಕೊಂಡ ಬಣ್ಣಮಾಪಕ

ಡೊಂಬಿವಲಿಯ ಮದುವೆ, ಮಾಟುಂಗದ ಯಕ್ಷಗಾನ ಅಂತ ಫೋಟೋ ತೆಗೆಯುವವರಿಗೆ ಗಿರಾಕಿಗಳಿಂದ ಬರುವ ತಕರಾರು ಹೆಚ್ಚಾಗಿ ಒಂದೇ. ಲ್ಯಾಪ್‌ಟಾಪಿನಲ್ಲಿ ಹದವಾಗಿದ್ದ ಕುಂಕುಮಗೆಂಪು ಸೀರೆ ಫೋನಿನಲ್ಲಿ ಕಣ್ಣಿಗೆ ಹೊಡೆಯುತ್ತದೆ, ಪ್ರಿಂಟಿನಲ್ಲಿ ಕಪ್ಪಿಡುತ್ತದೆ. ಇದರಲ್ಲಿ ನಮ್ಮ ಪರದೆಯ ಪಾಲನ್ನು ಸರಿಪಡಿಸುವುದಷ್ಟೇ ಐ1ಡಿಸ್‌ಪ್ಲೇ ಪ್ರೊ ಎಂಬ, ಪರದೆಗೆ ಒರಗಿಸಿ ಅದರ ಬಣ್ಣ ಅಳೆಯುವ ಈ ಉಪಕರಣದ ಕೆಲಸ. ಆ ಕೆಲಸವನ್ನು ಇದು ವರ್ಷಗಟ್ಟಲೆ ಚೆನ್ನಾಗಿ ಮಾಡಿದೆ.

ಎಕ್ಸ್-ರೈಟ್ ಕಂಪನಿ ಇದನ್ನು 2011ರಲ್ಲಿ ತಂದಿತು. 2021ರಿಂದ ಈ ಸಾಲಿನ ಮಾಪಕಗಳು ಕ್ಯಾಲಿಬ್ರೈಟ್ ಹೆಸರಿನಲ್ಲಿ ಬರುತ್ತಿವೆ. ಹಳೆಯ ಅಗ್ಗದ ಮಾಪಕಗಳ ಫಿಲ್ಟರ್ ತೇವಕ್ಕೆ ಕೆಡುತ್ತಿತ್ತು. ಇದರದು ಗಾಜಿನ ಫಿಲ್ಟರ್, ಹಾಗಾಗಿ ಇಲ್ಲಿನ ಜುಲೈ ತಿಂಗಳನ್ನು ತಡೆದುಕೊಳ್ಳುತ್ತದೆ. ಆದರೂ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಲೆನ್ಸಿಗೆ ಬೂಷ್ಟು ಹಿಡಿದರೆ ಗಾಜೂ ಕಾಪಾಡದು.

ಅಳೆಯುವ ಮೊದಲು ಪರದೆ ಅರ್ಧ ಗಂಟೆ ಉರಿದಿರಬೇಕು. ನೈಟ್ ಲೈಟ್, ಟ್ರೂ ಟೋನ್, ಆಟೋ ಬ್ರೈಟ್‌ನೆಸ್, ಮಾನಿಟರಿನ ಡೈನಾಮಿಕ್ ಕಾಂಟ್ರಾಸ್ಟ್ ಎಲ್ಲ ಆಫ್. ಮಾಪಕದ ಬಿಳಿ ಮುಚ್ಚಳವನ್ನು ಹಿಂದಕ್ಕೆ ತಿರುಗಿಸಿ, ಪರದೆಯನ್ನು ತುಸು ಹಿಂದಕ್ಕೆ ವಾಲಿಸಿ; ಮಾಪಕ ಒತ್ತಿ ಕೂರದಿದ್ದರೆ ಸಂದಿನಿಂದ ಬೆಳಕು ನುಗ್ಗಿ ಕಪ್ಪಿನ ಅಳತೆ ಕೆಡುತ್ತದೆ. ತಂತ್ರಾಂಶದಲ್ಲಿ ಬಿಳಿಗೆ ಡಿ65 (ಹಗಲು ಬೆಳಕಿನ ಬಿಳಿ), ಗಾಮಾ (ನಡುವಿನ ಛಾಯೆಗಳು ಎಷ್ಟು ಬೆಳಗಬೇಕೆಂಬ ಅಳತೆ) 2.2, ಪ್ರಖರತೆ ಚದರ ಮೀಟರಿಗೆ 100ರಿಂದ 120 ಕ್ಯಾಂಡೆಲಾ. ಮಬ್ಬು ಕೋಣೆಯಾದರೆ 80 ಸಾಕು. ಪ್ರಿಂಟ್ ಕಪ್ಪಾಗಲು ಬಹುಪಾಲು ಕಾರಣ ಪರದೆಯನ್ನು ಇದಕ್ಕಿಂತ ಬಹಳ ಬೆಳಗಿಸಿಕೊಂಡು ತಿದ್ದುವುದು. ಅಳತೆ ಮುಗಿದ ಮೇಲೆ ಬ್ರೈಟ್‌ನೆಸ್ ಗುಂಡಿ ಮುಟ್ಟಿದರೆ ಮತ್ತೆ ಮೊದಲಿನಿಂದ.

ಹೆಚ್ಚಿನವರು ಬಿಟ್ಟುಬಿಡುವ ಆಯ್ಕೆ ಬ್ಯಾಕ್‌ಲೈಟ್‌ನದು, ಅಂದರೆ ಪರದೆಯ ಬೆಳಕು ಯಾವ ಬಗೆಯದೆಂದು ತಂತ್ರಾಂಶಕ್ಕೆ ಹೇಳುವುದು. ಸಾದಾ ಬಿಳಿ ಎಲ್‌ಇಡಿ, ಅಗಲ ಗ್ಯಾಮಟ್‌ನ (ಹೆಚ್ಚು ಬಣ್ಣ ತೋರುವ) ಎಲ್‌ಇಡಿ, ಓಲೆಡ್ ಒಂದೊಂದರ ಬೆಳಕಿನ ರೋಹಿತವೂ ಬೇರೆ. ತಪ್ಪು ಆರಿಸಿದರೆ ತಂತ್ರಾಂಶ ‘ಸರಿ’ ಎಂದರೂ ಬೂದು ಬಣ್ಣ ಗುಲಾಬಿಗೋ ಹಸಿರಿಗೋ ಜಾರುತ್ತದೆ. ಅಳೆಯಲು ಡಿಸ್‌ಪ್ಲೇಕ್ಯಾಲ್ ಎಂಬ ತಂತ್ರಾಂಶ ಉಚಿತ, ಅದರಲ್ಲಿ ಆಯ್ಕೆಗಳೂ ಹೆಚ್ಚು. ಕೋಣೆಯ ಬೆಳಕಿಗೆ ತಕ್ಕಂತೆ ಪರದೆಯನ್ನು ಹೊಂದಿಸುವ ಸೌಲಭ್ಯ ಬೇಡವೇ ಬೇಡ. ಕಿಟಕಿಗೆ ದಪ್ಪ ಪರದೆ ಹಾಕುವುದು ಮೇಲು.

ಅಳತೆಯಿಂದ ಪ್ರೊಫೈಲ್ (ಪರದೆಯ ಬಣ್ಣದ ಗುಣ ಬರೆದಿಟ್ಟ ಕಡತ) ಸಿದ್ಧವಾದರೂ ವಿಂಡೋಸ್‌ನ ಎಲ್ಲ ಆ್ಯಪ್‌ಗಳೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಫೋಟೋಶಾಪ್, ಲೈಟ್‌ರೂಮ್ ಹಿಡಿಯುತ್ತವೆ. ಒಂದೇ ಪರದೆಯ ಎರಡು ಕಿಟಕಿಗಳಲ್ಲಿ ಒಂದೇ ಚಿತ್ರ ಬೇರೆ ಬೇರೆಯಾಗಿ ಕಂಡರೆ ಮಾಪಕವನ್ನು ಬೈಯಬೇಡಿ. ಗಿರಾಕಿಗೆ ಕಳಿಸುವ ಜೆಪೆಗ್ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣವ್ಯಾಪ್ತಿಯಲ್ಲಿರಲಿ, ಆ ವ್ಯಾಪ್ತಿಯ ಪ್ರೊಫೈಲ್ ಚಿತ್ರದೊಳಗೇ ಸೇರಿರಲಿ. ಅದಕ್ಕಿಂತ ಅಗಲವಾದ ಅಡೋಬಿ ಆರ್‌ಜಿಬಿಯಲ್ಲಿ ಕಳಿಸಿದರೆ ಪ್ರೊಫೈಲ್ ಓದದ ಆ್ಯಪ್‌ನಲ್ಲಿ ಮೈಬಣ್ಣ ಸಪ್ಪೆ. ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಗಿರಾಕಿಯ ಸ್ಯಾಮ್‌ಸಂಗ್ ‘ವಿವಿಡ್’ನಲ್ಲಿದ್ದರೆ ‘ನ್ಯಾಚುರಲ್’ಗೆ ಹಾಕಲು ಹೇಳಿ.

ಪ್ರಿಂಟರಿನ ಪ್ರೊಫೈಲ್ ಇದರಿಂದ ಆಗದು. ಕಾಗದ ಅಳೆಯಲು ಸ್ಪೆಕ್ಟ್ರೋಫೋಟೋಮೀಟರ್ ಬೇಕು. ಫೋರ್ಟ್‌ನ ಬೋರಾ ಬಜಾರ್ ಕಡೆ ಐ1ಡಿಸ್‌ಪ್ಲೇ ಪ್ರೊ ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಲೆನ್ಸನ್ನು ಟಾರ್ಚ್ ಹಿಡಿದು ನೋಡಿ, ಲ್ಯಾಪ್‌ಟಾಪಿಗೆ ಸಿಕ್ಕಿಸಿ ಒಮ್ಮೆ ಅಳೆದ ಮೇಲೆಯೇ ದುಡ್ಡು ಕೊಡಿ. ಮಾನಿಟರ್ ಜೊತೆಗೆ ಕೊಟ್ಟ ಮಾದರಿಗಳಲ್ಲಿ ಕೆಲವು ಎಕ್ಸ್-ರೈಟ್‌ನ ಸ್ವಂತ ತಂತ್ರಾಂಶ ಐ1ಪ್ರೊಫೈಲರ್‌ನಲ್ಲಿ ನಡೆಯುವುದಿಲ್ಲ.