ಫ್ಯೋರ್ಡ್ ಕುದುರೆ ಕೊಳ್ಳುವವರು ಮೊದಲು ಗೊರಸನ್ನು ನೋಡಿ

ನಾರ್ವೆಯಲ್ಲಿ ನೆಲೆಸಿರುವ ನನ್ನ ಪರಿಚಯದ ಕೆಲವು ಕನ್ನಡ ಕುಟುಂಬಗಳು ಸವಾರಿಗೆಂದು ಫ್ಯೋರ್ಡ್ ಕುದುರೆಯನ್ನು ಕೊಳ್ಳುವ ಯೋಚನೆಯಲ್ಲಿವೆ. ಅವರಿಗಾಗಿ, ಅವರಂತೆ ಯೋಚಿಸುತ್ತಿರುವ ಇತರರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾವು ಕೊಂಡ ಕುದುರೆ ನಮ್ಮಲ್ಲಿಗೆ ಬಂದ ಮೊದಲ ವಸಂತದಲ್ಲೇ ಹೆಜ್ಜೆ ಎತ್ತಿಡಲಾರದೆ ನಿಂತುಬಿಟ್ಟಿತು. ಅದರ ಮುಂಗಾಲುಗಳ ರೋಗ ಹಳೆಯದೆಂದೂ ಮಾರಾಟದ ದಿನವೂ ಅದು ಗೊರಸಿನೊಳಗೆ ಇದ್ದೇ ಇತ್ತೆಂದೂ ಆಮೇಲೆ ತೆಗೆಸಿದ ಎಕ್ಸ್-ರೇ ಚಿತ್ರಗಳು ತೋರಿಸಿದವು. ಕುದುರೆಯನ್ನು ಮಾರಿದವರ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಹೇಳುವುದಿಲ್ಲ. ರೋಗವನ್ನು ಹೇಗೆ ಮರೆಮಾಡಲಾಗಿತ್ತು, ಅದನ್ನು ಹೇಗೆ ಗುರುತಿಸಬಹುದು ಎಂಬುದನ್ನು ಹೇಳುತ್ತೇನೆ.

ಈ ತಳಿಯ ಮೇಲೆ ಮನಸ್ಸು ಹೋಗುವುದು ಸಹಜ. ನಾರ್ವೆಯ ಪಶ್ಚಿಮ ಕರಾವಳಿಯ ಕಡಿದಾದ ಹೊಲಗಳಲ್ಲಿ ನೇಗಿಲು ಎಳೆದು, ಹುಲ್ಲಿನ ಹೊರೆ ಹೊತ್ತು ಬೆಳೆದ ಕುದುರೆ ಇದು. ಎತ್ತರ ಹೆಚ್ಚಾಗಿ 135ರಿಂದ 150 ಸೆಂಟಿಮೀಟರ್, ತೂಕ ಸಾಮಾನ್ಯವಾಗಿ 400ರಿಂದ 500 ಕಿಲೋ. ಹತ್ತರಲ್ಲಿ ಒಂಬತ್ತು ಕುದುರೆಗಳು ಬ್ರೂನ್‌ಬ್ಲಾಕ್ ಎಂಬ ಮಾಸಲು ಕಂದುಬಣ್ಣದವು. ಬೆನ್ನುದ್ದಕ್ಕೂ ಕಪ್ಪು ಗೆರೆ, ಬಿಳಿಯ ಜೂಲಿನ ನಡುವೆ ಕಪ್ಪು ಕೂದಲಿನ ಪಟ್ಟಿ. ಆ ಜೂಲನ್ನು ಕಮಾನಿನಾಕಾರದಲ್ಲಿ ಕತ್ತರಿಸಿ ನೆಟ್ಟಗೆ ನಿಲ್ಲಿಸುವುದು ಇಲ್ಲಿನ ಸಂಪ್ರದಾಯ. ಈಗಿನ ತಳಿಯ ಮೂಲಪುರುಷನೆಂದು ಹೆಸರಾದ ಬೀಜದ ಕುದುರೆ ನ್ಯೋಲ್ 166 ಹುಟ್ಟಿದ್ದು 1891ರಲ್ಲಿ. ತಳಿಯ ರಾಷ್ಟ್ರೀಯ ಕೇಂದ್ರ ಇಂದಿಗೂ ನೂರ್‌ಫ್ಯೋರ್ಡೈಡ್‌ನಲ್ಲಿದೆ. ಸ್ವಭಾವದಲ್ಲಿ ಸೌಮ್ಯ, ಬಲದಲ್ಲಿ ಮೈಮೀರಿದ್ದು, ಮಕ್ಕಳನ್ನೂ ದೊಡ್ಡವರನ್ನೂ ಹೊರಬಲ್ಲದು. ಇದೆಲ್ಲವೂ ನಿಜವೇ. ಆದರೆ ಈ ಸೌಮ್ಯತೆಯಿಂದಾಗಿಯೇ ಅದು ನೋವನ್ನು ಬಹುಕಾಲ ತೋರಗೊಡದೆ ಸಹಿಸುತ್ತದೆ, ಆ ದುಂಡನೆಯ ಮೈಯೇ ಅದರ ರೋಗವನ್ನು ಮುಚ್ಚುತ್ತದೆ ಎಂಬುದನ್ನು ಮಾರುವವರು ಯಾರೂ ಹೇಳುವುದಿಲ್ಲ.

ನಮಗೆ ಕುದುರೆಯನ್ನು ತೋರಿಸಿದ್ದು ಚಳಿಗಾಲದ ಆರಂಭದಲ್ಲಿ. ನಾವು ತಲುಪುವಷ್ಟರಲ್ಲಿ ಅದನ್ನು ಲಾಯದಿಂದ ಹೊರತಂದು, ಮೈತಿಕ್ಕಿ, ಜೀನು ಬಿಗಿದು ನಿಲ್ಲಿಸಲಾಗಿತ್ತು. ಗೊರಸುಗಳನ್ನು ಆಗಷ್ಟೇ ಅರದಿಂದ ಉಜ್ಜಿ, ಎಣ್ಣೆ ಹಚ್ಚಿ ಹೊಳೆಯುವಂತೆ ಮಾಡಲಾಗಿತ್ತು. ಮೆತ್ತನೆಯ ಮರಳು ಹಾಸಿದ ಒಳಾಂಗಣದಲ್ಲಿ ಅದು ನಡೆಯಿತು, ಕುಕ್ಕುಲೋಟದಲ್ಲಿ ಓಡಿತು, ಎಲ್ಲಿಯೂ ಕುಂಟಲಿಲ್ಲ. ಮಾರಾಟಗಾರರೇ ಗೊತ್ತುಮಾಡಿದ ವೈದ್ಯರ ತಪಾಸಣಾ ಪತ್ರ ಸಿದ್ಧವಾಗಿತ್ತು. ಹೃದಯ, ಶ್ವಾಸಕೋಶ, ಕಣ್ಣು, ಹಲ್ಲು ಎಲ್ಲವೂ ಸರಿಯಾಗಿವೆ ಎಂದು ಅದರಲ್ಲಿ ಬರೆದಿತ್ತು. ಕಾಲುಗಳ ಎಕ್ಸ್-ರೇ ಅದರಲ್ಲಿರಲಿಲ್ಲ. ಗೊರಸಿನ ತೊಂದರೆ ಎಂದಾದರೂ ಬಂದಿತ್ತೇ ಎಂದು ಕೇಳಿದಾಗ, ಎಂದೂ ಇಲ್ಲ ಎಂಬ ಉತ್ತರ ತಡವಿಲ್ಲದೆ ಬಂದಿತು.

ಮೇ ತಿಂಗಳಲ್ಲಿ ಎಳೆಹುಲ್ಲು ಚಿಗುರಿದ ಮೇಲೆ ಕುದುರೆ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲುಗಳ ಮೇಲೆ ಹಾಕಿ ನಿಲ್ಲತೊಡಗಿತು. ಗೊರಸು ಬಿಸಿಯಾಗಿತ್ತು, ಗೊರಸಿಗಿಂತ ಮೇಲೆ ಗೆಣ್ಣಿನ ಹಿಂದೆ ಬೆರಳಿಟ್ಟರೆ ನಾಡಿ ಬಲವಾಗಿ ಬಡಿಯುವುದು ತಿಳಿಯುತ್ತಿತ್ತು. ಇದು ಲ್ಯಾಮಿನೈಟಿಸ್, ಇಲ್ಲಿನವರು ಫೋರ್‌ಫಾಂಗೆನ್‌ಹೇಟ್ ಎನ್ನುತ್ತಾರೆ. ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಹಿಡಿದಿಡುವ ಪದರಗಳು ಸಡಿಲವಾಗಿ, ಕುದುರೆಯ ಪೂರ್ತಿ ಭಾರ ಹೊರುವ ಆ ಮೂಳೆ ತನ್ನ ಜಾಗದಿಂದ ಕೆಳಕ್ಕೆ ವಾಲುತ್ತದೆ. ಹುಲ್ಲುಗಾವಲಿನಲ್ಲಿ ಹೀಗಾಗುವ ಕುದುರೆಗಳಲ್ಲಿ ಹೆಚ್ಚಿನವುಗಳ ರಕ್ತದಲ್ಲಿ ಇನ್ಸುಲಿನ್ ಮಿತಿಮೀರಿ ಏರಿರುತ್ತದೆ. ಬಡ ಮೇವಿನಲ್ಲೇ ಬದುಕಲು ಒಗ್ಗಿದ ಫ್ಯೋರ್ಡ್ ತಳಿಗೆ ಇಂದಿನ ಗೊಬ್ಬರ ಉಂಡು ಬೆಳೆದ ಹುಲ್ಲು ವಿಷಕ್ಕೆ ಸಮ ಎಂದರೆ ಅತಿಶಯವಲ್ಲ. ಅದರಲ್ಲೂ ರಾತ್ರಿ ಹಿಮ ಬಿದ್ದು ಹಗಲು ಬಿಸಿಲು ಕಾಯುವ ದಿನಗಳಲ್ಲಿ ಹುಲ್ಲು ಸಕ್ಕರೆಯನ್ನು ತಯಾರಿಸುತ್ತದೆ, ಆದರೆ ಚಳಿಗೆ ಬೆಳೆಯಲಾರದೆ ಅದನ್ನು ತನ್ನಲ್ಲೇ ಕೂಡಿಟ್ಟುಕೊಳ್ಳುತ್ತದೆ. ನಮ್ಮ ಕುದುರೆಯ ಎಕ್ಸ್-ರೇಯಲ್ಲಿ ಮೂಳೆ ವಾಲಿದ್ದಷ್ಟೇ ಅಲ್ಲ, ಅದರ ತುದಿ ಸವೆದು ರೂಪಗೆಟ್ಟಿತ್ತು. ಕೆಲವು ವಾರಗಳ ರೋಗದಿಂದ ಮೂಳೆ ಹಾಗೆ ಆಗುವುದಿಲ್ಲವೆಂದು ವೈದ್ಯರು ಸ್ಪಷ್ಟವಾಗಿ ಹೇಳಿದರು.

ಗೊರಸು ಮೇಲಿನ ಅಂಚಿನಿಂದ ಕೆಳಕ್ಕೆ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಮುಂತುದಿಯಲ್ಲಿ ಪೂರ್ತಿ ಹೊಸದಾಗಲು ಒಂದು ವರ್ಷದಷ್ಟು ಹಿಡಿಯುತ್ತದೆ. ಆದ್ದರಿಂದ ಕಳೆದ ವರ್ಷ ಆ ಪ್ರಾಣಿಗೆ ಏನಾಯಿತೆಂಬುದು ಗೊರಸಿನ ಮೇಲೆಯೇ ಬರೆದಿರುತ್ತದೆ. ಬಳೆಗಳಂಥ ಗೆರೆಗಳು ಎಲ್ಲ ಕುದುರೆಗಳಲ್ಲೂ ಇರಬಹುದು. ಅವು ಒಂದಕ್ಕೊಂದು ಸಮಾನಾಂತರವಾಗಿದ್ದರೆ ಅಷ್ಟು ಭಯವಿಲ್ಲ. ಮುಂಭಾಗದಲ್ಲಿ ಒತ್ತೊತ್ತಾಗಿದ್ದು ಹಿಮ್ಮಡಿಯ ಕಡೆಗೆ ಹೋಗುತ್ತ ಅಗಲವಾಗಿ ಹರಡಿದ್ದರೆ ಅದು ಹಳೆಯ ಲ್ಯಾಮಿನೈಟಿಸ್‌ನ ಗುರುತು. ಕಾಲನ್ನು ಎತ್ತಿಸಿ ಅಂಗಾಲನ್ನೂ ನೋಡಬೇಕು: ಗೋಡೆಗೂ ಅಂಗಾಲಿಗೂ ನಡುವಿನ ಬಿಳಿ ಗೆರೆ ಹಿಗ್ಗಿದ್ದರೆ, ಅದರಲ್ಲಿ ಒಣಗಿದ ರಕ್ತದ ಕೆಂಪು ಕಲೆಗಳಿದ್ದರೆ, ಅಲ್ಲಿಗೇ ಮಾತುಕತೆ ನಿಲ್ಲಿಸಬಹುದು. ಗೋಡೆಯ ಗೆರೆಗಳನ್ನು ಅರದಿಂದ ಅಳಿಸಬಹುದು, ಬಿಳಿ ಗೆರೆಯನ್ನು ಸರಿಪಡಿಸಲಾಗದು. ಹೊಸದಾಗಿ ಉಜ್ಜಿ ಎಣ್ಣೆ ಹಚ್ಚಿದ ಗೊರಸನ್ನು ಕಂಡರೆ ಕೆಲವು ವಾರ ಬಿಟ್ಟು ಮತ್ತೆ ಬರುತ್ತೇವೆಂದು ಹೇಳಿ, ಮಾರಾಟಗಾರರು ಅದಕ್ಕೆ ಒಪ್ಪುತ್ತಾರೆಯೇ ಎಂದು ಗಮನಿಸಿ.

ಊರಿನಲ್ಲಿ ಹಸು ಎತ್ತುಗಳನ್ನು ನೋಡುತ್ತ ಬೆಳೆದ ನಮ್ಮ ಕಣ್ಣಿಗೆ ಮೈದುಂಬಿದ ಪ್ರಾಣಿಯೇ ಆರೋಗ್ಯವಂತ ಪ್ರಾಣಿ; ಪಕ್ಕೆ ಎದ್ದುಕಂಡರೆ ಹುರುಳಿ ಸಾಲದೆಂದು ಮರುಗುವವರು ನಾವು. ಫ್ಯೋರ್ಡ್ ಕುದುರೆಯ ವಿಷಯದಲ್ಲಿ ಈ ಅಳತೆಯನ್ನು ಬಿಡಬೇಕು. ನೆಟ್ಟಗೆ ನಿಂತ ಜೂಲು ಕತ್ತನ್ನು ದಪ್ಪವಾಗಿ ಕಾಣಿಸುವುದರಿಂದ ಅದರ ಬುಡದಲ್ಲಿ ಕೂಡಿರುವ ಕೊಬ್ಬು ಕಣ್ಣಿಗೆ ಬೀಳುವುದಿಲ್ಲ, ಚಳಿಗಾಲದ ದಟ್ಟ ರೋಮ ಉಳಿದ ಮೈಯನ್ನು ಮುಚ್ಚುತ್ತದೆ. ಅಂಗೈಯನ್ನು ಪಕ್ಕೆಯ ಮೇಲೆ ಹಗುರವಾಗಿ ಆಡಿಸಿದರೆ ಎಲುಬುಗಳು ಕೈಗೆ ಸಿಗಬೇಕು. ಜೂಲಿನ ಬುಡವನ್ನು ಹಿಡಿದು ಅಲುಗಿಸಿದರೆ ಅದು ಅತ್ತಿತ್ತ ಮಣಿಯಬೇಕು. ಗಟ್ಟಿಯಾಗಿ ಮರದಂತೆ ನಿಂತಿದ್ದರೆ ಇನ್ಸುಲಿನ್ ಪರೀಕ್ಷೆ ಮಾಡಿಸದೆ ಮುಂದುವರಿಯಬೇಡಿ.

ಓಟವನ್ನು ಗಟ್ಟಿ ನೆಲದಲ್ಲೇ ನೋಡಬೇಕು. ಮರಳಿನ ಮೇಲೆ ಸರಾಗವಾಗಿ ಓಡುವ ರೋಗಿ ಕುದುರೆ, ಡಾಂಬರಿನ ಮೇಲೆ ಚಿಕ್ಕ ವೃತ್ತದಲ್ಲಿ ತಿರುಗುವಾಗ ಹೆಜ್ಜೆ ಮೊಟಕುಮಾಡುತ್ತದೆ. ಫಿನೈಲ್‌ಬ್ಯೂಟಾಜೋನ್‌ನಂಥ ನೋವುನಿವಾರಕ ಕೊಟ್ಟಿದ್ದರೆ ಅದೂ ತಿಳಿಯದು. ಹಾಗಾಗಿ ತಪಾಸಣೆಯ ದಿನವೇ ರಕ್ತದ ಮಾದರಿ ತೆಗೆಸಿ ಇಡುವಂತೆ ವೈದ್ಯರನ್ನು ಕೇಳಿ. ವೈದ್ಯರು ನೀವು ಗೊತ್ತುಮಾಡಿದವರಾಗಿರಲಿ, ಆ ಕುದುರೆಗೆ ಹಿಂದೆ ಚಿಕಿತ್ಸೆ ಕೊಟ್ಟವರಾಗಿರದಿರಲಿ. ಮುಂಗಾಲುಗಳೆರಡರ ಪಾರ್ಶ್ವದ ಎಕ್ಸ್-ರೇಗೆ ಆಗುವ ಖರ್ಚು ಕುದುರೆಯ ಬೆಲೆಯ ಮುಂದೆ ಬಹಳ ಚಿಕ್ಕದು.

ನಮ್ಮ ಪ್ರಕರಣದಲ್ಲಿ ಸತ್ಯ ಹೊರಬಂದದ್ದು ಕುದುರೆಯ ಪಾಸ್‌ಪೋರ್ಟ್‌ನಿಂದ. ಪ್ರತಿ ಕುದುರೆಗೂ ಇರಲೇಬೇಕಾದ ಈ ದಾಖಲೆಯ ಸಂಖ್ಯೆಯನ್ನು ಮೈಯೊಳಗಿನ ಚಿಪ್‌ನೊಂದಿಗೆ ತಾಳೆನೋಡಬೇಕೆಂಬುದು ಎಲ್ಲರಿಗೂ ಗೊತ್ತು. ಅದರಲ್ಲಿ ಹಿಂದಿನ ಮಾಲೀಕರ ಹೆಸರುಗಳಿದ್ದರೆ ಅವರಿಗೂ ಫೋನ್ ಮಾಡಬೇಕೆಂಬುದನ್ನು ಯಾರೂ ಹೇಳುವುದಿಲ್ಲ. ಹಿಂದಿನ ಮಾಲೀಕರೊಬ್ಬರು ನಮ್ಮ ಕರೆಗೆ ಬಹಳ ಸೌಜನ್ಯದಿಂದ ಉತ್ತರಿಸಿ, ವಸಂತ ಬಂತೆಂದರೆ ಆ ಕುದುರೆಯ ಕಾಲು ನೋಯುತ್ತಿತ್ತು, ಅದನ್ನು ಹೇಳಿಯೇ ಕಡಿಮೆ ಬೆಲೆಗೆ ಕೊಟ್ಟಿದ್ದೆವು ಎಂದರು. ಆ ಮಾತು ಕೇಳಿದಾಗ ನನಗಾದ ನೋವು ಹಣದ್ದಲ್ಲ. ನಮಗೆ ಮಾರಿದವರು ಗೊತ್ತಿದ್ದೂ ಒಂದು ಮೂಕಪ್ರಾಣಿಯನ್ನು ಎಚ್ಚರಿಕೆಯ ಒಂದು ಮಾತೂ ಇಲ್ಲದೆ ಹಸಿರು ಹುಲ್ಲಿಗೆ ಕಳುಹಿಸಿದ್ದರು. ಮೊದಲೇ ಹೇಳಿದ್ದರೆ ನೆನೆಸಿ ಸಕ್ಕರೆ ಇಳಿಸಿದ ಒಣಹುಲ್ಲಿನಲ್ಲಿ, ಹಸಿರು ಹುಲ್ಲನ್ನು ಹೆಚ್ಚು ಮೇಯದಂತೆ ಬಾಯಿಗೆ ಕುಕ್ಕೆ ಕಟ್ಟಿ, ಅದನ್ನು ಆ ಯಾತನೆಯಿಂದ ಉಳಿಸಬಹುದಿತ್ತು.

ಜೀನಿನ ವಿಷಯವೂ ಇದೆ: ಈ ತಳಿಯ ಬೆನ್ನು ಅಗಲ, ಹೆಗಲು ದುಂಡು, ಆದ್ದರಿಂದ ಕುದುರೆಯ ಜೊತೆಗೆ ಕೊಡುವ ಜೀನು ಹೊಂದುತ್ತದೆಂದು ನಂಬದೆ ಬೇರೆಯವರಿಂದ ಅಳತೆ ಮಾಡಿಸಿ.

ಒಪ್ಪಂದವನ್ನು ಬರವಣಿಗೆಯಲ್ಲೇ ಮಾಡಿಕೊಳ್ಳಿ. ಲ್ಯಾಮಿನೈಟಿಸ್ ಹಿಂದೆಂದೂ ಬಂದಿಲ್ಲ ಎಂಬ ಮಾತನ್ನು ಮಾರಾಟಗಾರರ ಸಹಿಯೊಂದಿಗೆ ಅದರಲ್ಲಿ ಸೇರಿಸಿ. ಖಾಸಗಿ ವ್ಯಕ್ತಿಗಳ ನಡುವಿನ ಮಾರಾಟಕ್ಕೆ ನಾರ್ವೆಯಲ್ಲಿ 1988ರ ಖರೀದಿ ಕಾಯ್ದೆ ಅನ್ವಯಿಸುತ್ತದೆ. ಇದ್ದ ಸ್ಥಿತಿಯಲ್ಲೇ ಮಾರಲಾಗಿದೆ ಎಂದು ಬರೆದಿದ್ದರೂ, ತನಗೆ ತಿಳಿದಿದ್ದ ಮುಖ್ಯ ಸಂಗತಿಯನ್ನು ಮುಚ್ಚಿಟ್ಟ ಮಾರಾಟಗಾರನಿಗೆ ಆ ವಾಕ್ಯ ರಕ್ಷಣೆ ಕೊಡುವುದಿಲ್ಲ. ಆದರೆ ದೋಷ ಕಂಡ ಮೇಲೆ ದೂರು ಕೊಡಲು ತಡಮಾಡಬಾರದು. ದೂರನ್ನು ಬರಹದಲ್ಲಿ, ಎಕ್ಸ್-ರೇ ಮತ್ತು ವೈದ್ಯರ ವರದಿಯ ಪ್ರತಿಗಳೊಂದಿಗೆ ಕಳುಹಿಸಬೇಕು. ಹಿಂದಿನ ಮಾಲೀಕರ ಹೇಳಿಕೆ ನಮ್ಮ ದೂರಿನ ಜೊತೆಗೆ ಹೋದ ಮೇಲೆಯೇ ಮಾರಾಟಗಾರರು ಬೆಲೆಯ ಒಂದು ಭಾಗವನ್ನು ಹಿಂದಿರುಗಿಸಿದರು. ಕುದುರೆಯನ್ನು ಮಾತ್ರ ನಾವು ಹಿಂದಿರುಗಿಸಲಿಲ್ಲ. ಅದು ಮುಂದಿನ ಚಳಿಗಾಲದಲ್ಲಿ ಮತ್ತೆ ಎಣ್ಣೆ ಹಚ್ಚಿದ ಗೊರಸುಗಳೊಂದಿಗೆ ಇನ್ನೊಬ್ಬರ ಮುಂದೆ ನಿಲ್ಲುವುದು ನಮಗೆ ಬೇಡವಾಗಿತ್ತು.