ಎಲೆಕೋಸಿನ ಮಡಿಗೆ ಹೊದಿಸಿದ ಕೀಟತಡೆ ಬಲೆ: ಎರಡು ಹಂಗಾಮಿನ ಬಳಕೆಯ ನಂತರ

ಸಮುದಾಯ ತೋಟದಲ್ಲಿ ನನ್ನ ಪಾಲಿಗೆ ಬಂದಿರುವ ತುಂಡು ನೆಲದಲ್ಲಿ ಮೊದಲ ವರ್ಷ ಇಪ್ಪತ್ತು ಎಲೆಕೋಸಿನ ಸಸಿ ನೆಟ್ಟಿದ್ದೆ. ಕೊನೆಗೆ ಅಡುಗೆಮನೆಗೆ ಬಂದದ್ದು ಮೂರು ಗಡ್ಡೆ ಮಾತ್ರ. ಉಳಿದ ಗಿಡಗಳ ಎಲೆಗಳನ್ನು ವಜ್ರಬೆನ್ನಿನ ಪತಂಗದ ಮರಿಹುಳುಗಳು ಜರಡಿಯಂತೆ ತೂತು ಮಾಡಿದ್ದವು. ವಾರಕ್ಕೊಮ್ಮೆ ತಪ್ಪದೆ ಬೇವಿನೆಣ್ಣೆಯನ್ನು ಸಾಬೂನು ನೀರಿನಲ್ಲಿ ಕದಡಿ ಸಿಂಪಡಿಸುತ್ತಿದ್ದೆ. ಹುಳುಗಳು ಕಡಿಮೆಯಾಗುತ್ತಿದ್ದವು, ಆದರೆ ಕೆಲವೇ ದಿನಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಿದ್ದವು. ಸುತ್ತಲಿನ ಪಾಲುಗಳಲ್ಲಿ ಕೊಯ್ಲಾದ ಕೋಸಿನ ಮೋಟುಗಳು ಕೀಳದೆ ಹಾಗೆಯೇ ನಿಂತಿದ್ದು, ಅವುಗಳ ಮೇಲೆ ಬೆಳೆದ ಪತಂಗಗಳು ಸಂಜೆಯಾದೊಡನೆ ನನ್ನ ಮಡಿಗೆ ಬಂದು ಮೊಟ್ಟೆ ಇಡುತ್ತಿವೆ ಎಂಬುದು ನನಗೆ ತಡವಾಗಿ ಅರ್ಥವಾಯಿತು. ಹತ್ತು ಜನ ಹಂಚಿಕೊಂಡ ನೆಲದಲ್ಲಿ ಒಬ್ಬರು ಮಾತ್ರ ಸಿಂಪಡಿಸಿದರೆ ಪ್ರಯೋಜನ ಅಷ್ಟಕ್ಕಷ್ಟೆ. ನೆರೆಯ ಪಾಲಿನವರು ಏನು ಮಾಡುತ್ತಾರೆ ಎಂಬುದನ್ನು ಅವಲಂಬಿಸದ ಉಪಾಯವೊಂದು ಬೇಕೆಂದು ಹುಡುಕುತ್ತಾ ಕೀಟತಡೆ ಬಲೆಯನ್ನು ಕೊಂಡೆ.

ನಾನು ಕೊಂಡದ್ದು ಬಿಳಿಯ ಪಾಲಿಥಿನ್ ದಾರದಿಂದ ನೇಯ್ದ, ಬಿಸಿಲಿಗೆ ಬೇಗ ಪುಡಿಯಾಗದಂತೆ ಸಂಸ್ಕರಿಸಿದ ಬಲೆ. ಅದರ ಅಗಲ 2 ಮೀಟರ್, ಉದ್ದ 10 ಮೀಟರ್. ಜೊತೆಗೆ ಬಾಗಿಸಿ ನೆಲಕ್ಕೆ ಚುಚ್ಚುವ ಕೊಳವೆಯ ಕಮಾನುಗಳು ಹಾಗೂ ಬಲೆಯನ್ನು ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ಪುಗಳು ಬಂದವು. ಚೀಟಿಯ ಮೇಲೆ 40 ಮೆಶ್ ಎಂದು ಮುದ್ರಿಸಲಾಗಿತ್ತು. ಮೆಶ್ ಎಂದರೆ ಒಂದು ಇಂಚಿನ ಉದ್ದದಲ್ಲಿ ಎಷ್ಟು ಕಣ್ಣುಗಳಿವೆ ಎಂಬ ಲೆಕ್ಕ. ಒಂದು ಇಂಚು ಎಂದರೆ 25.4 ಮಿಲಿಮೀಟರ್ ಆಗಿರುವುದರಿಂದ 40 ಮೆಶ್ ಬಲೆಯಲ್ಲಿ ದಾರದ ದಪ್ಪವನ್ನು ಕಳೆದರೆ ಸುಮಾರು 0.4 ಮಿಲಿಮೀಟರ್ ತೆರಪು ಉಳಿಯಬೇಕು. ಬಲೆಯ ಮೇಲೆ ಅಳತೆಪಟ್ಟಿಯನ್ನಿಟ್ಟು, ಮೊಬೈಲಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ ಎಣಿಸಿದಾಗ ನನಗೆ ಸಿಕ್ಕಿದ್ದು 32 ಕಣ್ಣುಗಳು. ಮೂರು ಕಡೆ ಎಣಿಸಿದರೂ ಅಷ್ಟೇ. ಮಾರಾಟಗಾರರಿಗೆ ಚಿತ್ರಸಹಿತ ಬರೆದೆ, ಉತ್ತರ ಬರಲಿಲ್ಲ. ಪತಂಗ, ಚಿಟ್ಟೆ, ಜೀರುಂಡೆಗಳನ್ನು ತಡೆಯಲು 32 ಕಣ್ಣಿನ ಬಲೆಯೂ ಧಾರಾಳವಾಗಿ ಸಾಕು. ಆದರೆ ಬಿಳಿನೊಣವನ್ನು ತಡೆಯುವ ಉದ್ದೇಶದಿಂದ ಕೊಳ್ಳುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಆದ್ದರಿಂದ ಯಾವ ಬಲೆ ಕೊಂಡರೂ ಕತ್ತರಿಸುವ ಮೊದಲು ಒಮ್ಮೆ ಎಣಿಸಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಅಗಲದ ವಿಷಯದಲ್ಲಿ ಚೀಟಿ ಸುಳ್ಳು ಹೇಳಿರಲಿಲ್ಲ, ಲೆಕ್ಕ ತಪ್ಪಿದ್ದು ನನ್ನದು. 1 ಮೀಟರ್ ಅಗಲದ ಮಡಿಯ ಮೇಲೆ ಅರ್ಧವೃತ್ತದ ಕಮಾನನ್ನು ನಿಲ್ಲಿಸಿದರೆ ಅದರ ನಡುವಿನ ಎತ್ತರ 50 ಸೆಂಟಿಮೀಟರ್ ಆಗುತ್ತದೆ, ಬಾಗಿದ ಉದ್ದ ಸುಮಾರು 1.57 ಮೀಟರ್ ಆಗುತ್ತದೆ. ಎರಡೂ ಬದಿಗಳಲ್ಲಿ ಮಣ್ಣಿನಡಿ ಹೂಳಲು ತಲಾ 20 ಸೆಂಟಿಮೀಟರ್ ಬಿಟ್ಟರೆ 2 ಮೀಟರ್ ಬಲೆ ಅಲ್ಲಿಗೇ ಮುಗಿಯುತ್ತದೆ. ಎಲೆಕೋಸಿಗೆ ಆ ಎತ್ತರ ಹೇಗೋ ಸಾಲುತ್ತದೆ, ಬದನೆಗೆ ಸಾಲುವುದಿಲ್ಲ. ಕಮಾನನ್ನು ಇನ್ನೊಂದು 25 ಸೆಂಟಿಮೀಟರ್ ಎತ್ತರಿಸಬೇಕಾದರೆ ಸುಮಾರು 2.5 ಮೀಟರ್ ಅಗಲದ ಬಲೆ ಬೇಕು. ಉದ್ದದಲ್ಲಿಯೂ ಎರಡು ತುದಿಗಳಲ್ಲಿ ಬಲೆ ನೆಲದವರೆಗೆ ಇಳಿಯಬೇಕಾದ ಕಾರಣ 3 ಮೀಟರ್ ಮಡಿಗೆ 4.4 ಮೀಟರ್ ಬಲೆ ಖರ್ಚಾಗುತ್ತದೆ. ಹೀಗಾಗಿ 10 ಮೀಟರಿನಲ್ಲಿ ಎರಡು ಮಡಿಗಳನ್ನು ಮಾತ್ರ ಮುಚ್ಚಲು ಸಾಧ್ಯವಾಯಿತು.

ಇನ್ನು ಫಲಿತಾಂಶಕ್ಕೆ ಬರುತ್ತೇನೆ. ಮೊದಲ ಹಂಗಾಮಿನಲ್ಲಿ ಸಸಿ ನೆಟ್ಟ ದಿನವೇ, ಕತ್ತಲಾಗುವ ಮೊದಲು ಬಲೆ ಹೊದಿಸಿ ನಾಲ್ಕೂ ಅಂಚುಗಳನ್ನು ಮಣ್ಣಿನಲ್ಲಿ ಹೂತೆ. ಹೋಲಿಕೆಗಾಗಿ ಎಂಟು ಸಸಿಗಳನ್ನು ಪಕ್ಕದ ಮಡಿಯಲ್ಲಿ ಬಲೆಯಿಲ್ಲದೆ ಬಿಟ್ಟೆ. ಐದನೆಯ ವಾರದ ಹೊತ್ತಿಗೆ ಹೊರಗಿನ ಎಂಟೂ ಗಿಡಗಳು ಮೊದಲ ವರ್ಷದ ಸ್ಥಿತಿಗೆ ಬಂದಿದ್ದವು. ಒಳಗಿನ ಹದಿನಾರು ಗಿಡಗಳ ಎಲೆಗಳು ಇಡಿಯಾಗಿದ್ದವು, ಒಂದೇ ಒಂದು ತೂತೂ ಇರಲಿಲ್ಲ. ಬಲೆಯನ್ನು ಸರಿಸಿ ಆ ಎಲೆಗಳನ್ನು ನೋಡಿದ ಬೆಳಗಿನ ಸಂತೋಷವನ್ನು ತರಕಾರಿ ಬೆಳೆದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಈ ಪತಂಗದ ಮಟ್ಟಿಗೆ ತಡೆಬಲೆಯ ಮಹತ್ವ ಇನ್ನೂ ಹೆಚ್ಚು, ಏಕೆಂದರೆ ಔಷಧಿಗಳಿಗೆ ಒಗ್ಗಿಕೊಳ್ಳುವುದರಲ್ಲಿ ಇದನ್ನು ಮೀರಿಸುವ ಕೀಟಗಳು ವಿರಳ. 1953ರಷ್ಟು ಹಿಂದೆಯೇ ಜಾವಾ ದ್ವೀಪದಲ್ಲಿ ಇದು ಡಿಡಿಟಿಗೆ ಜಗ್ಗದಿರುವುದು ವರದಿಯಾಗಿತ್ತು, ಆನಂತರ ಬಂದ ಹಲವು ಬಗೆಯ ಕೀಟನಾಶಕಗಳನ್ನೂ ಇದು ಅರಗಿಸಿಕೊಂಡಿದೆ. ಮೊಟ್ಟೆಯಿಡಲು ಎಲೆಯೇ ಸಿಗದಂತೆ ಮಾಡುವ ಉಪಾಯಕ್ಕೆ ಒಗ್ಗಿಕೊಳ್ಳುವುದು ಅದಕ್ಕೂ ಕಷ್ಟ.

ಆದರೆ ಆರನೆಯ ವಾರದಲ್ಲಿ ಹೊರ ಎಲೆಗಳು ಬೆಳೆದು ಬಲೆಯನ್ನು ಒತ್ತತೊಡಗಿದವು, ಒತ್ತಿದ ಜಾಗದಲ್ಲೇ ನಾಲ್ಕು ಗಿಡಗಳಿಗೆ ಹುಳು ಬಿತ್ತು. ಹೆಣ್ಣು ಪತಂಗವು ಬಲೆಗೆ ಅಂಟಿದ ಎಲೆಯ ಮೇಲೆ ಹೊರಗಿನಿಂದಲೇ ಮೊಟ್ಟೆ ಇಡಬಲ್ಲದು, ಬಲೆಯ ಮೇಲಿಟ್ಟ ಮೊಟ್ಟೆಯಿಂದ ಹೊರಬರುವ ಮರಿಯು ದಾರದಷ್ಟೇ ಸಣ್ಣದಾಗಿರುವುದರಿಂದ ಕಣ್ಣಿನ ಮೂಲಕ ನುಸುಳಬಲ್ಲದು. ಎಲೆಗೂ ಬಲೆಗೂ ನಡುವೆ ಒಂದು ಗೇಣಾದರೂ ಅಂತರವಿರಲೇಬೇಕು. ಹೀಗಾಗಿ ಅಗಲದ ಬಗ್ಗೆ ಮೇಲೆ ಅಷ್ಟು ಲೆಕ್ಕ ಒಪ್ಪಿಸಿದೆ.

ಎರಡನೆಯ ಹಂಗಾಮು ಬೇರೆಯದೇ ಪಾಠ ಕಲಿಸಿತು. ಈ ಸಲ ಸಸಿಗಳನ್ನು ಬೇರೆಯವರಿಂದ ಪಡೆದಿದ್ದೆ, ಅವುಗಳ ಎಲೆಯಡಿಯನ್ನು ಪರೀಕ್ಷಿಸದೆ ನೆಟ್ಟು ಬಲೆ ಮುಚ್ಚಿದೆ. ಎರಡು ಸಸಿಗಳಲ್ಲಿ ಕೆಲವೇ ಸಸ್ಯಹೇನುಗಳು ಇದ್ದಿರಬೇಕು. ಹೆಣ್ಣು ಹೇನು ಗಂಡಿನ ಹಂಗಿಲ್ಲದೆ ಜೀವಂತ ಮರಿಗಳನ್ನು ಹಾಕುತ್ತದೆ, ಬೆಚ್ಚನೆಯ ಹವೆಯಲ್ಲಿ ಆ ಮರಿ ವಾರ ಹತ್ತು ದಿನಗಳೊಳಗೆ ತಾನೂ ಮರಿ ಹಾಕತೊಡಗುತ್ತದೆ. ತೆರೆದ ಮಡಿಯಲ್ಲಾದರೆ ಗುಲಗಂಜಿ ಹುಳುಗಳು, ಹೂನೊಣದ ಮರಿಗಳು ಹಾಗೂ ಹೇನಿನ ಮೈಯೊಳಗೆ ಮೊಟ್ಟೆಯಿಡುವ ಸಣ್ಣ ಕಣಜಗಳು ಬಂದು ಅವುಗಳನ್ನು ಹದ್ದುಬಸ್ತಿನಲ್ಲಿಡುತ್ತವೆ. ನನ್ನ ಬಲೆ ಆ ಎಲ್ಲ ಮಿತ್ರಕೀಟಗಳನ್ನೂ ಹೊರಗೆ ನಿಲ್ಲಿಸಿತ್ತು. ಮೂರು ವಾರ ಬಲೆ ಎತ್ತಿ ನೋಡದಿದ್ದ ನಾನು, ಎತ್ತಿದ ದಿನ ಎಳೆಯ ಸುಳಿಗಳೆಲ್ಲ ಬೂದು ಬಣ್ಣದ ಹೇನಿನಿಂದ ತುಂಬಿ ಮುರುಟಿರುವುದನ್ನು ಕಂಡು ಬಹಳ ನೊಂದುಕೊಂಡೆ. ನೀರನ್ನು ರಭಸವಾಗಿ ಹಾಯಿಸಿ ತೊಳೆದು, ತೀರಾ ಹಾಳಾದ ಎಲೆಗಳನ್ನು ಕಿತ್ತು, ಹಗಲು ಹೊತ್ತು ಬಲೆಯನ್ನು ಪೂರ್ತಿ ತೆಗೆದು ಸಂಜೆ ಮತ್ತೆ ಮುಚ್ಚುವ ಕ್ರಮವನ್ನು ಹತ್ತು ದಿನ ನಡೆಸಿದೆ. ವಜ್ರಬೆನ್ನಿನ ಪತಂಗ ಹೆಚ್ಚಾಗಿ ಸಂಜೆಯ ನಂತರ ಹಾರಾಡುತ್ತದೆ, ಗುಲಗಂಜಿ ಹುಳು ಹಗಲಿನಲ್ಲಿ ಹಾರಾಡುತ್ತದೆ ಎಂಬ ವ್ಯತ್ಯಾಸ ಇಲ್ಲಿ ನೆರವಿಗೆ ಬಂದಿತು. ಗಿಡಗಳು ಚೇತರಿಸಿಕೊಂಡವು, ಆದರೆ ಗಡ್ಡೆಗಳು ಚಿಕ್ಕವಾದವು. ಈಗ ಪ್ರತಿ ಸಸಿಯನ್ನೂ ನೆಡುವ ಮುನ್ನ ತಲೆಕೆಳಗಾಗಿ ಹಿಡಿದು ಎಲೆಯಡಿಯನ್ನು ತೊಳೆಯುತ್ತೇನೆ, ವಾರಕ್ಕೊಮ್ಮೆಯಾದರೂ ಬಲೆ ಎತ್ತಿ ನೋಡುತ್ತೇನೆ.

ಮಣ್ಣಿನಿಂದಲೇ ಹೊರಡುವ ಕೀಟಗಳಿಗೂ ಬಲೆ ತಡೆಯಾಗದು. ಹಿಂದಿನ ಬಾರಿ ಕೋಸು ಇದ್ದ ಮಡಿಯಲ್ಲೇ ಮೂಲಂಗಿ ಬಿತ್ತಿ ಬಲೆ ಹೊದಿಸಿದಾಗ, ಮುಟ್ಟಿದರೆ ಚಿಗಟದಂತೆ ನೆಗೆಯುವ ಸಣ್ಣ ಕಪ್ಪು ಜೀರುಂಡೆಗಳು ಒಳಗಡೆಯೇ ಹುಟ್ಟಿಕೊಂಡು ಎಳೆಯ ಎಲೆಗಳನ್ನು ಸೂಜಿಯಿಂದ ಚುಚ್ಚಿದಂತೆ ಮಾಡಿದವು. ಕೋಸು, ಮೂಲಂಗಿ, ಸಾಸಿವೆ ಒಂದೇ ಕುಟುಂಬದ ಗಿಡಗಳು. ಅವುಗಳ ಜಾಗವನ್ನು ಬದಲಿಸುತ್ತಿದ್ದರೆ ಮಾತ್ರ ಬಲೆಯಿಂದ ಲಾಭ. ಬಸವನಹುಳುಗಳಿಗಂತೂ ಬಲೆಯಡಿಯ ತಂಪು ಹಿತವಾಗಿ ಕಂಡಿತು, ರಾತ್ರಿ ದೀಪ ಹಿಡಿದು ಕೈಯಿಂದಲೇ ಆರಿಸಿ ತೆಗೆಯಬೇಕಾಯಿತು. ಕಳೆಯೂ ಹಾಗೆಯೇ, ಕಣ್ಣಿಗೆ ಬೀಳದೆ ಸೊಂಪಾಗಿ ಬೆಳೆಯುತ್ತದೆ.

ಸೌತೆ, ಕುಂಬಳದ ಜಾತಿಯವುಗಳಲ್ಲಿ ಗಂಡುಹೂವು ಹೆಣ್ಣುಹೂವು ಬೇರೆ ಬೇರೆಯಾಗಿದ್ದು, ಅವುಗಳಲ್ಲಿ ಹೆಚ್ಚಿನವಕ್ಕೆ ಜೇನ್ನೊಣ ಬರದೆ ಕಾಯಿ ಕಚ್ಚುವುದಿಲ್ಲ. ಅಂಥ ಬಳ್ಳಿಗಳಿಗೆ ಹೂ ಕಾಣಿಸಿದೊಡನೆ ಬಲೆಯನ್ನು ತೆಗೆದುಬಿಡಬೇಕು, ಇಲ್ಲವೇ ದಿನವೂ ಬೆಳಿಗ್ಗೆ ಕೈಯಾರೆ ಪರಾಗವನ್ನು ಮುಟ್ಟಿಸಬೇಕು. ಟೊಮೆಟೊ ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಆ ತೊಂದರೆಯಿಲ್ಲ. ಅದಕ್ಕೆ ಬಲೆ ಬೇಕಾಗುವುದು ಎಲೆ ಮುರುಟು ರೋಗದ ವೈರಸ್ಸನ್ನು ಹೊತ್ತು ತರುವ ಬಿಳಿನೊಣದಿಂದ ಎಳೆಯ ಸಸಿಗಳನ್ನು ಕಾಪಾಡಲು, ಮತ್ತು ಅದಕ್ಕೆ 50 ಮೆಶ್ ಬಲೆಯೇ ಆಗಬೇಕು. ನನ್ನ ಬಲೆಯೊಳಗೆ ಬಿಳಿನೊಣಗಳು ಎರಡನೆಯ ವಾರಕ್ಕೇ ಕಾಣಿಸಿಕೊಂಡವು. ಆದರೆ ಕಣ್ಣು ಸಣ್ಣದಾದಷ್ಟೂ ಗಾಳಿಯಾಟ ಕಡಿಮೆಯಾಗಿ ಒಳಗೆ ಸೆಕೆಯೂ ತೇವವೂ ಹೆಚ್ಚುತ್ತವೆ, ಶಿಲೀಂಧ್ರ ರೋಗಕ್ಕೆ ಅದೇ ದಾರಿ. ಕೋಸಿಗೆ ಅಷ್ಟು ಸಣ್ಣ ಕಣ್ಣು ಅನಗತ್ಯ.

ಬಾಳಿಕೆಯ ವಿಷಯದಲ್ಲಿ ಬಲೆಗೆ ಪೂರ್ಣ ಅಂಕ ಕೊಡುತ್ತೇನೆ. ಎರಡು ಹಂಗಾಮು ಮಳೆ ಬಿಸಿಲಿನಲ್ಲಿ ಇದ್ದರೂ ದಾರ ಸಡಿಲವಾಗಿಲ್ಲ. ಮಳೆನೀರು ಸಲೀಸಾಗಿ ಒಳಗಿಳಿಯುತ್ತದೆ. ದೊಡ್ಡ ಕಣ್ಣಿನ ಹಕ್ಕಿಬಲೆಗಳಲ್ಲಿ ಹಾವು, ಹಕ್ಕಿಗಳು ಸಿಕ್ಕಿಕೊಂಡು ಒದ್ದಾಡಿ ಸಾಯುವುದುಂಟು, ಈ ಸಣ್ಣ ಕಣ್ಣಿನ ಬಲೆಯಲ್ಲಿ ಆ ಭಯವಿಲ್ಲ ಎಂಬುದು ನನಗೆ ಬಹಳ ಸಮಾಧಾನ ಕೊಟ್ಟ ಗುಣ. ಕ್ಲಿಪ್ಪುಗಳು ಮಾತ್ರ ನಾಲ್ಕೇ ತಿಂಗಳಿಗೆ ಬಿಸಿಲಿಗೆ ಒಣಗಿ ತುಂಡಾದವು. ಅವುಗಳ ಬದಲು ಮರಳು ತುಂಬಿದ ಉದ್ದನೆಯ ಚೀಲಗಳನ್ನು ಅಂಚಿನ ಮೇಲಿಡುತ್ತಿದ್ದೇನೆ. ಅಂಚನ್ನು ಹೂಳುವ ಅಗೆಯುವ ಶ್ರಮವೂ ತಪ್ಪಿತು, ವಾರದ ಪರೀಕ್ಷೆಗೆ ಬಲೆ ಎತ್ತುವುದೂ ಸುಲಭವಾಯಿತು. ಕಮಾನುಗಳು ಜೋರು ಗಾಳಿಗೆ ವಾಲಿದ್ದರಿಂದ ಅವುಗಳ ನೆತ್ತಿಯನ್ನು ಒಂದು ಉದ್ದ ಕೋಲಿಗೆ ಬಿಗಿದು ಕಟ್ಟಿದ್ದೇನೆ.

ಕೋಸು, ಹೂಕೋಸು, ಮೂಲಂಗಿ ಮತ್ತು ಸೊಪ್ಪುಗಳನ್ನು ಬೆಳೆಯುವವರಿಗೆ, ಅದರಲ್ಲೂ ತೋಟಕ್ಕೆ ವಾರಕ್ಕೆ ಎರಡು ಮೂರು ಸಲ ಮಾತ್ರ ಹೋಗಲು ಸಾಧ್ಯವಿರುವವರಿಗೆ ಕೀಟತಡೆ ಬಲೆಯನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಆದರೆ ಕಮಾನು, ಕ್ಲಿಪ್ಪು ಸೇರಿದ ಈ ಜೋಡಣೆಯನ್ನು ನಾನು ಮತ್ತೆ ಕೊಳ್ಳುವುದಿಲ್ಲ. ಮುಂದಿನ ಹಂಗಾಮಿಗೆ 2.5 ಮೀಟರ್ ಅಗಲದ ಬಲೆಯನ್ನಷ್ಟೇ ಬಿಡಿಯಾಗಿ ತಂದು, ಕಮಾನಿಗೆ ನೀರಿನ ಹಳೆಯ ಕೊಳವೆಯನ್ನೇ ಬಾಗಿಸಿಕೊಳ್ಳುತ್ತೇನೆ. ಟೊಮೆಟೊ ಸಸಿಮಡಿಗೆಂದು 50 ಮೆಶ್‌ನ ಸಣ್ಣ ತುಂಡೊಂದನ್ನು ಬೇರೆಯಾಗಿ ತರುತ್ತೇನೆ.